ಮಳೆಗಾಲದ ಮಗುವಿಗೊಂದು ಕೋಣೆ

ನಮ್ಮ ಮಗು ಹುಟ್ಟುವುದು ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎಂದು ತಿಳಿದ ದಿನವೇ ಅದರ ಕೋಣೆಯ ಕೆಲಸ ಎಲ್ಲಿಂದ ಶುರುವಾಗಬೇಕೆಂಬುದು ನಿರ್ಧಾರವಾಗಿಬಿಟ್ಟಿತು. ಉಡುಪಿಯ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ. 85 ದಾಟುವುದು ಸಾಮಾನ್ಯ. ಮುರಕಲ್ಲಿನ (ಜಂಬಿಟ್ಟಿಗೆಯ) ಹಳೆಯ ಗೋಡೆ ನೀರನ್ನು ಹೀರಿಕೊಂಡು ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನ ಕಣಗಳು ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಚಿತ್ರ, ಪರದೆ, ಗೊಂಬೆಗಳ ಯೋಚನೆಯನ್ನು ಬದಿಗಿಟ್ಟು ನಾವು ಮೊದಲು ಮಾಡಿಸಿದ್ದು ಸೋರುತ್ತಿದ್ದ ಹೆಂಚುಗಳನ್ನು ಬದಲಾಯಿಸುವ ಕೆಲಸವನ್ನು.

ಬಣ್ಣದ ಕೆಲಸ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮುಂಚೆಯೇ ಮುಗಿಯಬೇಕೆಂದು ಪಟ್ಟುಹಿಡಿದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮ ಗೋಡೆಯೂ ಒಣಗಿದ್ದರೆ, ಮಳೆ ಹಿಡಿಯುವ ಮುನ್ನ ಕಿಟಕಿಗಳನ್ನು ತೆರೆದಿಟ್ಟು ಬಣ್ಣದ ವಾಸನೆಯನ್ನು ಹೊರಹಾಕಬಹುದು. ಮನೆಗಳಿಗೆ ಬಳಸುವ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಡಬ್ಬದ ಮೇಲೆ ಅದನ್ನು ಓದಿ ನೋಡಿಯೇ ಕೊಂಡೆವು. ಅದಕ್ಕಿಂತ ಹಿಂದೆ ಬಳಿದ ಕಿಟಕಿ ಬಾಗಿಲುಗಳ ಎನಾಮೆಲ್ ಬಣ್ಣವೇ ಹೆಚ್ಚು ತಲೆನೋವಿನ ವಿಷಯ. ಅದನ್ನು ಒಣಗಿದಂತೆಯೇ ಮರಳುಕಾಗದದಿಂದ ಉಜ್ಜಿದರೆ ಸೀಸ ಬೆರೆತ ದೂಳು ಮನೆಯಿಡೀ ಹರಡುವ ಸಂಭವವಿರುತ್ತದೆ. ಹಾಗಾಗಿ ಕೆಲಸದವರು ನೀರು ಚಿಮುಕಿಸಿ ಉಜ್ಜಿದರು, ನೆಲವನ್ನು ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದರು, ಅದೆಲ್ಲ ಮುಗಿಯುವವರೆಗೆ ನಾನು ತವರಿನಲ್ಲಿದ್ದೆ.

ಬಿಳಿ ಗೋಡೆಯ ಮೇಲ್ಭಾಗದಲ್ಲಿ, ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ ಕಾಣುವ ಕಾವಿ ಕಲೆಯ ನೆನಪಿನಲ್ಲಿ ಕೆಮ್ಮಣ್ಣಿನ ಬಣ್ಣದ ಬಳ್ಳಿಯೊಂದನ್ನು ಬರೆಸಿದೆವು. ಹಸುಳೆಗೆ ಮೊದಲ ವಾರಗಳಲ್ಲಿ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ. ಆ ಬಳ್ಳಿ ರಾತ್ರಿಯಿಡೀ ಎಚ್ಚರವಿರುವ ತಂದೆತಾಯಿಗಳ ಸಂತೋಷಕ್ಕೆ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಪರದೆಗಳಿಗೆ ಹಳೆಯ ಉಡುಪಿ ಸೀರೆಗಳನ್ನು ಹೊಲಿಸಿದೆ. ತೆಳುವಾದ ಹತ್ತಿಯಾದ್ದರಿಂದ ಬೇಗ ಒಣಗುತ್ತವೆ, ಕೊರಳಿಗೆ ಸುತ್ತಿಕೊಳ್ಳಬಹುದಾದ ಹಗ್ಗವೂ ಅವಕ್ಕೆ ಬೇಕಿಲ್ಲ.

ಮನೆಯಲ್ಲಿ ನಿಜವಾದ ಚರ್ಚೆ ನಡೆದದ್ದು ಅಟ್ಟದಿಂದ ಇಳಿಸಿದ ತೊಟ್ಟಿಲಿನ ಬಗ್ಗೆ. "ಇದರಲ್ಲೇ ಮಲಗಿ ನಿನ್ನ ಗಂಡ ದೊಡ್ಡವನಾದದ್ದಲ್ಲವಾ?" ಎಂದು ಅತ್ತೆ ಕೇಳಿದಾಗ ನಾನು ಅಳತೆಪಟ್ಟಿ ಹಿಡಿದು ತೋರಿಸಬೇಕಾಯಿತು. ಮಗು ಮಲಗುವ ಮಂಚದ ಸರಳುಗಳ ನಡುವಿನ ಅಂತರ 6 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಮೈ ಜಾರಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ನಮ್ಮ ತೊಟ್ಟಿಲಿನಲ್ಲಿ ನನ್ನ ಮುಷ್ಟಿಯೇ ಸಲೀಸಾಗಿ ತೂರುತ್ತಿತ್ತು. ಕೊನೆಗೆ ನಾಮಕರಣದ ದಿನ ಎಲ್ಲರ ಕಣ್ಣೆದುರು ಮಗುವನ್ನು ಅದರಲ್ಲಿ ಮಲಗಿಸಿ ಹಾಡು ಹೇಳುವುದು, ದಿನನಿತ್ಯದ ನಿದ್ದೆಗೆ ಆಚಾರಿಯಿಂದ ಹೊಸ ಮಂಚ ಮಾಡಿಸುವುದು ಎಂದಾಯಿತು. ಅದರ ಮೇಲೆ ತೆಂಗಿನ ನಾರಿನ ಗಟ್ಟಿ ಹಾಸಿಗೆ, ಬಿಗಿಯಾಗಿ ಹೊದಿಸಿದ ಹತ್ತಿಬಟ್ಟೆ, ಅಷ್ಟೇ. ಸಾಸಿವೆ ದಿಂಬು, ಮೆತ್ತನೆಯ ಗೊಂಬೆ, ಸುತ್ತ ಕಟ್ಟುವ ಹತ್ತಿಯ ಪಟ್ಟಿ ಯಾವುದನ್ನೂ ಇಡಲಿಲ್ಲ, ಏಕೆಂದರೆ ಅಂಗಾತ ಮಲಗಿಸಿದ ಮಗುವಿನ ಮುಖದ ಬಳಿ ಉಸಿರಿಗೆ ಅಡ್ಡಬರುವಂಥದ್ದು ಏನೂ ಇರಬಾರದೆಂಬುದೇ ಮಕ್ಕಳ ವೈದ್ಯರ ಸಲಹೆ. ಕನಿಷ್ಠ ಮೊದಲ 6 ತಿಂಗಳು ಮಗು ತಂದೆತಾಯಿಯ ಕೋಣೆಯಲ್ಲೇ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗುವುದು ಕ್ಷೇಮವೆಂದೂ ಅವರು ಹೇಳುವುದರಿಂದ, ಇಷ್ಟೆಲ್ಲ ಸಿಂಗರಿಸಿದ ಕೋಣೆಗೆ ನಾವೂ ವಾಸ ಬದಲಾಯಿಸಿದೆವು.

ಸೊಳ್ಳೆಗೆ ಹೊಗೆಬತ್ತಿ ಬೇಡವೆಂದು ಕಿಟಕಿಗೆ ಜಾಲರಿ ಹಾಕಿಸಿ, ಮಂಚಕ್ಕೆ ಬಿಗಿಯಾದ ಪರದೆ ಕಟ್ಟಿದೆವು.

ಬಟ್ಟೆಯ ಕಪಾಟಿನ ವಿಷಯವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಮಳೆಗಾಲದಲ್ಲಿ ಬಟ್ಟೆಗಳ ನಡುವೆ ನುಸಿಗುಳಿಗೆ ಇಡುವುದು ನಮ್ಮ ಕಡೆಯ ರೂಢಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ನವಜಾತ ಶಿಶುಗಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆಯನ್ನು ತರಬಲ್ಲದು, ಕೊರತೆ ಯಾರಿಗಿದೆಯೆಂಬುದು ಮುಖ ನೋಡಿದರೆ ತಿಳಿಯುವಂಥದ್ದಲ್ಲ. ಗುಳಿಗೆಗಳನ್ನೆಲ್ಲ ಹೊರಗೆಸೆದು, ಬಾಣಂತನಕ್ಕೆಂದು ತೆಗೆದಿಟ್ಟ ಹಳೆಯ ಪಂಚೆಗಳನ್ನೂ ಮತ್ತೆ ಒಗೆದು ಏಪ್ರಿಲ್ ಬಿಸಿಲಿನಲ್ಲಿ ಒಣಗಿಸಿದೆವು. ಇನ್ನು ಕಪಾಟು ಬೂಷ್ಟು ಹಿಡಿಯದಿರಲು ಗೋಡೆಯಿಂದ ದೂರವಿರಬೇಕು, ಮಗು ಎಳೆದು ಹತ್ತುವ ವಯಸ್ಸಿಗೆ ಬಂದಾಗ ಮಗುಚಿಬೀಳದಿರಲು ಗೋಡೆಗೆ ಬಂಧಿಯಾಗಿರಬೇಕು. ಎರಡನ್ನೂ ಸಾಧಿಸಲು ಆಚಾರಿ ಗೋಡೆಗೆ ದಪ್ಪನೆಯ ಮರದ ಪಟ್ಟಿಯೊಂದನ್ನು ಜಡಿದು, ಕಪಾಟನ್ನು ಆ ಪಟ್ಟಿಗೆ ಬಿಗಿದರು. ಹಿಂದೆ ಗಾಳಿಯಾಡಲು ಸಂದು ಉಳಿಯಿತು. ಹೀಗೆ ಮಾಡಿಸುವವರು ಸ್ಕ್ರೂ ಸಾರಣೆಯಲ್ಲೋ ಕಲ್ಲುಗಳ ನಡುವಿನ ಗಾರೆಯಲ್ಲೋ ನಿಂತಿಲ್ಲ, ಮುರಕಲ್ಲಿನ ಒಳಗೇ ಆಳವಾಗಿ ಹಿಡಿದಿದೆ ಎಂಬುದನ್ನು ಕಪಾಟು ತುಂಬುವ ಮುನ್ನ ಬಲವಾಗಿ ಎಳೆದು ನೋಡಿ ಖಚಿತಪಡಿಸಿಕೊಳ್ಳಿ.