ಮನೆ ರಿಪೇರಿ ದಿನಚರಿ: ಏಳರಲ್ಲಿ ಆರು ಮುಗಿದವು

1ನೇ ದಿನ

ಅಡುಗೆಮನೆ ನಲ್ಲಿ ತೊಟ್ಟಿಕ್ಕಲು ಶುರುವಾಗಿ ಮೂರು ವಾರ ಆಯ್ತು. ನಾಲ್ಕು ಜನ ಪ್ಲಂಬರ್‌ಗಳಿಗೆ ಫೋನ್ ಮಾಡಿದೆ. ಇಬ್ಬರು ನಾಳೆ ಬರ್ತೀನಿ ಅಂದರು, ಬರಲಿಲ್ಲ. ಒಬ್ಬರು ಫೋನ್ ಎತ್ತಲಿಲ್ಲ. ನಾಲ್ಕನೆಯವರು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ನಿಮ್ಮನೆಗೆ ಬರೋಕೆ ಮುಕ್ಕಾಲು ಗಂಟೆ, ವಾಪಸ್ ಹೋಗೋಕೆ ಮುಕ್ಕಾಲು ಗಂಟೆ. ವಾಷರ್ ಹಾಕೋದು ಹತ್ತು ನಿಮಿಷ. ನೀವು ಹತ್ತು ನಿಮಿಷದ ಕೆಲಸಕ್ಕೆ ದುಡ್ಡು ಕೊಡ್ತೀರ, ನನಗೆ ಒಂದು ಹೊತ್ತು ಹೋಗುತ್ತೆ. ಬೇರೆ ಕೆಲಸಾನೂ ಇದ್ರೆ ಹೇಳಿ."

ಆ ಮಾತು ನನಗೆ ಸರಿ ಅನ್ನಿಸಿತು. ಕೆಲಸ ಸಣ್ಣದು ಅಂತ ದಾರಿ ಸಣ್ಣದಾಗುವುದಿಲ್ಲ, ಅಲ್ವಾ? ಸಂಜೆ ಮನೆಯಲ್ಲೆಲ್ಲ ಓಡಾಡಿ ಪಟ್ಟಿ ಮಾಡಿದೆ. ನಲ್ಲಿ, ನೆಲಕ್ಕೆ ಉಜ್ಜುವ ಕೋಣೆ ಬಾಗಿಲು, ನೀರು ನಿಲ್ಲದ ಫ್ಲಶ್ ಟ್ಯಾಂಕ್, ಬಿಸಿಯಾಗುವ ಪ್ಲಗ್ ಪಾಯಿಂಟ್, ಕೂರದ ಕಿಟಕಿ ಚಿಲಕ, ಗೋಡೆಯಿಂದ ಕಿತ್ತುಬಂದ ಪರದೆ ರಾಡ್, ಬಚ್ಚಲುಮನೆಯ ಮೂರು ಸಡಿಲ ಟೈಲ್. ಒಟ್ಟು ಏಳು. ನಾನೇ ಮಾಡಬಹುದಾದ್ದನ್ನು ಮಾಡುವುದು, ಉಳಿದದ್ದನ್ನು ಒಟ್ಟುಗೂಡಿಸಿ ಒಬ್ಬರನ್ನು ಕರೆಯುವುದು ಅಂತ ತೀರ್ಮಾನಿಸಿದೆ.

2ನೇ ದಿನ

ರಾತ್ರಿ ಹತ್ತಕ್ಕೆ ನಲ್ಲಿ ಕೆಳಗೆ ಪಾತ್ರೆ ಇಟ್ಟಿದ್ದೆ. ಬೆಳಿಗ್ಗೆ ಆರಕ್ಕೆ ಅಳೆದರೆ ಎರಡೂವರೆ ಲೀಟರ್. ಅಂದರೆ ದಿನಕ್ಕೆ ಏಳೂವರೆ ಲೀಟರ್ ಒಳ್ಳೆ ನೀರು ಸುಮ್ನೆ ಮೋರಿಗೆ ಹೋಗುತ್ತಿದೆ. ಸೆಕೆಂಡಿಗೊಂದೇ ಹನಿ ಬಿದ್ದರೂ ದಿನಕ್ಕೆ 86,400 ಹನಿ ಆಗುತ್ತದೆ. ನನಗಂತೂ ಹೊಟ್ಟೆ ಉರಿಯಿತು.

5ನೇ ದಿನ

ನಲ್ಲಿ ಬಿಚ್ಚಿದೆ. ಮೊದಲು ಮೇಲಿನ ವಾಲ್ವ್ ಬಂದ್ ಮಾಡಿ, ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಬಿಟ್ಟೆ. ಸಿಂಕಿನ ತೂತಿಗೆ ಬಟ್ಟೆ ತುರುಕಿದೆ, ಸ್ಕ್ರೂ ಬಿದ್ದರೆ ಸಿಗುವುದಿಲ್ಲ. ಸ್ಪ್ಯಾನರ್ ಹಲ್ಲಿಗೆ ಪಾಲಿಶ್ ಕೆಡಬಾರದು ಅಂತ ನಲ್ಲಿಗೂ ಬಟ್ಟೆ ಸುತ್ತಿ ತಿರುಗಿಸಿದೆ. ಸ್ಪಿಂಡಲ್, ಅಂದರೆ ಹಿಡಿಯ ಜೊತೆ ತಿರುಗುವ ಒಳಗಿನ ಕಡ್ಡಿ, ಹೊರಗೆ ಬಂತು. ಅದರ ತುದಿಯಲ್ಲಿ ಕಪ್ಪು ರಬ್ಬರ್ ವಾಷರ್. ಮುಟ್ಟಿದರೆ ರಬ್ಬರ್ ಅಲ್ಲವೇ ಅಲ್ಲ, ಒಣಗಿದ ಹುಣಸೆಬೀಜದ ಹಾಗೆ ಗಟ್ಟಿ. ನಡುವೆ ಉಂಗುರದಂಥ ಆಳವಾದ ಗೆರೆ ಬಿದ್ದಿತ್ತು. ಹಳೇದನ್ನೇ ಅಂಗಡಿಗೆ ಹಿಡಿದುಕೊಂಡು ಹೋಗಿ ಅದೇ ಅಳತೆಯದ್ದು ತಂದೆ. ಬಾಯಲ್ಲಿ ಅಳತೆ ಹೇಳಿದರೆ ಎರಡು ಸಲ ಓಡಾಡಬೇಕಾಗುತ್ತದೆ.

ಹೊಸದು ಹಾಕಿದ ಮೇಲೂ ನಿಮಿಷಕ್ಕೆ ನಾಲ್ಕೈದು ಹನಿ ಬೀಳುತ್ತಿತ್ತು. ಬೇಜಾರಾಯಿತು. ಮತ್ತೆ ಬಿಚ್ಚಿ, ವಾಷರ್ ಕೂರುವ ಜಾಗದ ಮೇಲೆ ಬೆರಳಾಡಿಸಿದೆ. ಒಂದು ಕಡೆ ತರಿತರಿ. ಉಪ್ಪುನೀರಿನ ಬಿಳಿ ಪದರ ಕಟ್ಟಿತ್ತು. ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಒತ್ತಿಟ್ಟು ಉಜ್ಜಿದ ಮೇಲೆ ನಯವಾಯಿತು. ಈಗ ಒಂದು ಹನಿಯೂ ಇಲ್ಲ. ಕಾಲು ಸುತ್ತಿಗೇ ಪೂರ್ತಿ ತೆರೆಯುವ ನಲ್ಲಿಯಾದರೆ ಈ ವಾಷರ್ ಇರುವುದಿಲ್ಲ. ಸಾಮಾನ್ಯವಾಗಿ ಅದರೊಳಗೆ ಸೆರಾಮಿಕ್ ಕಾರ್ಟ್ರಿಜ್ (ಪಿಂಗಾಣಿ ಬಿಲ್ಲೆಗಳಿರುವ ಒಂದು ಬಿಡಿಭಾಗ) ಇರುತ್ತದೆ, ಅದನ್ನೇ ಬದಲಾಯಿಸಬೇಕು.

11ನೇ ದಿನ

ಬಾಗಿಲು. ಕೆಳಗೆ ಉಜ್ಜುತ್ತದೆ ಅಂತ ಕೆಳಗೆ ಕೆತ್ತಿಸಬೇಕು ಅಂದುಕೊಂಡಿದ್ದೆ. ತಪ್ಪು ಇದ್ದದ್ದು ಮೇಲಿನ ಕೀಲಿನಲ್ಲಿ. ಬಾಗಿಲಿನ ಭಾರ ಮೇಲಿನ ಕೀಲನ್ನು ಎಳೆಯುತ್ತಲೇ ಇರುತ್ತದೆ, ಅದರ ಸ್ಕ್ರೂಗಳು ಸಡಿಲವಾಗಿ ಬಾಗಿಲು ಜೋತುಬಿದ್ದಿತ್ತು. ತೂತುಗಳಿಗೆ ಮದ್ದು ಕೆರೆದು ತೆಗೆದ ಬೆಂಕಿಕಡ್ಡಿಗಳನ್ನು ಮರದ ಗೋಂದಿನಲ್ಲಿ ಅದ್ದಿ ಬಿಗಿಯಾಗಿ ತುರುಕಿದೆ. ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ತುದಿ ಮುರಿದು ಅದೇ ಸ್ಕ್ರೂ ಹಾಕಿದೆ. ಕಚ್ಚಿ ಹಿಡಿಯಿತು! ಬಾಗಿಲು ಒಂದು ಬೆರಳಲ್ಲಿ ತಳ್ಳಿದರೆ ಹೋಗುತ್ತದೆ. ಇಷ್ಟು ಖುಷಿ ಇತ್ತೀಚೆಗೆ ಆಗಿರಲಿಲ್ಲ.

ಚಿಲಕಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ, ತೂತನ್ನು ಅರದಿಂದ ಸ್ವಲ್ಪ ಉಜ್ಜಿದ್ದೇ ಸಾಕಾಯಿತು.

16ನೇ ದಿನ

ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಹಾಕಿ ಕಾದೆ. ಇಪ್ಪತ್ತು ನಿಮಿಷಕ್ಕೆ ಕಮೋಡಿನಲ್ಲಿ ನೀಲಿ ಗೆರೆ ಕಂಡಿತು, ಯಾರೂ ಫ್ಲಶ್ ಮಾಡದೆ. ಅಡಿಯ ರಬ್ಬರ್ ಸವೆದಿತ್ತು. ಬದಲಾಯಿಸಿದೆ.

24ನೇ ದಿನ

ಪ್ಲಗ್ ಪಾಯಿಂಟನ್ನು ನಾನು ಮುಟ್ಟಲೇ ಇಲ್ಲ. ಕರೆಂಟಿನ ವಿಷಯದಲ್ಲಿ ಕಲಿಯುತ್ತಾ ಮಾಡುವುದು ಬೇಡ. ಎಲೆಕ್ಟ್ರಿಷಿಯನ್‌ಗೆ ಎರಡು ಫೋಟೋ ಕಳಿಸಿದೆ: ಕಂದು ಕಲೆ ಬಿದ್ದ ಸಾಕೆಟ್, ಕಿತ್ತುಬಂದ ರಾಡ್. ರಾಡಿನ ಉದ್ದ, ಗೋಡೆ ಇಟ್ಟಿಗೆಯದ್ದು ಅಂತಲೂ ಬರೆದೆ. ಎರಡೂ ಒಟ್ಟಿಗೇ ಮಾಡಿಕೊಡಿ ಅಂದೆ. ಮೂರನೇ ದಿನಕ್ಕೆ ಬಂದರು, ಡ್ರಿಲ್ಲು, ಹೊಸ ಸಾಕೆಟ್ಟು, ಸ್ಕ್ರೂ ಹಿಡಿಯಲು ಗೋಡೆ ತೂತಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ ಎಲ್ಲಾ ತಂದಿದ್ದರು. "ಫೋಟೋ ಕಳಿಸಿದ್ದು ಒಳ್ಳೇದಾಯ್ತು, ಇಲ್ದಿದ್ರೆ ನೋಡೋಕೊಂದ್ಸಲ, ಮಾಡೋಕೊಂದ್ಸಲ ಬರ್ಬೇಕಿತ್ತು" ಅಂದರು.

ಮೇನ್ ಆಫ್ ಮಾಡಿ ಟೆಸ್ಟರ್ ಹಿಡಿದು ನೋಡಿದ ಮೇಲೇ ಸಾಕೆಟ್ ಬಿಚ್ಚಿದರು. ಒಳಗೆ ವೈರ್ ಹಿಡಿಯುವ ಸ್ಕ್ರೂ ಸಡಿಲವಾಗಿತ್ತು. ಸಡಿಲ ಜಾಗದಲ್ಲಿ ಕರೆಂಟಿಗೆ ತಡೆ ಜಾಸ್ತಿಯಾಗಿ ಶಾಖ ಏಳುತ್ತದಂತೆ. ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಅದನ್ನು ನೋಡಿ ಎದೆ ಝಲ್ಲೆಂದಿತು. ಈ ಪಾಯಿಂಟಿಗೆ ಒಂದು ತಿಂಗಳಿಂದ ಇಸ್ತ್ರಿಪೆಟ್ಟಿಗೆ ಹಾಕುತ್ತಿದ್ದೆವು. ಸಣ್ಣ ಕೆಲಸ ಅಂತ ಪಟ್ಟಿಯಲ್ಲಿ ನಾಲ್ಕನೆಯದಾಗಿ ಬರೆದದ್ದು ತಪ್ಪು, ಮೊದಲು ಮಾಡಿಸಬೇಕಿದ್ದದ್ದೇ ಇದು.

31ನೇ ದಿನ

ಉಳಿದದ್ದು ಟೈಲ್. ಬೆರಳ ಗೆಣ್ಣಿನಿಂದ ತಟ್ಟಿದರೆ ಬೇರೆಲ್ಲ ಟಕ್ ಟಕ್ ಅನ್ನುತ್ತವೆ, ಈ ಮೂರು ಮಾತ್ರ ಡೊಬ್ ಡೊಬ್. ಒಳಗೆ ಪೊಳ್ಳು. ಮೂರು ಟೈಲಿಗೆ ಗಾರೆಯವರು ಯಾರೂ ಒಪ್ಪಲಿಲ್ಲ. ಇವತ್ತು ಪಕ್ಕದ ಮನೆಯವರ ಹತ್ತಿರ ಇದೇ ಮಾತು ಬಂತು. ಅವರ ಹಿತ್ತಿಲ ಮೆಟ್ಟಿಲು ಒಡೆದು ಎರಡು ತಿಂಗಳಾಗಿದೆಯಂತೆ, ಅವರಿಗೂ ಯಾರೂ ಸಿಕ್ಕಿಲ್ಲ. ಎರಡೂ ಸೇರಿಸಿ ಗಾರೆಯವರೊಬ್ಬರಿಗೆ ಫೋನ್ ಮಾಡಿದೆವು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ ಅಂದಿದ್ದಾರೆ. ಅಳತೆ ಮತ್ತು ಫೋಟೋ ಕಳಿಸಿದ್ದೇನೆ.