ಕೆಲಸ ಮುಗಿದ ಮೇಲಿನ ಹತ್ತು ನಿಮಿಷ

ಹೋದ ಚಳಿಗಾಲದಲ್ಲಿ ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನ ನಮ್ಮ ಮನೆ ಬಾಯ್ಲರ್ ಕೆಟ್ಟಿತು. ಅಡುಗೆಮನೆ ಗೋಡೆಗೆ ನೇತುಹಾಕಿದ ಪೆಟ್ಟಿಗೆ ಅದು. ಪೈಪಿನಲ್ಲಿ ಬರುವ ಗ್ಯಾಸ್ ಉರಿಸಿ ಸ್ನಾನಕ್ಕೂ ನೀರು ಕಾಯಿಸುತ್ತೆ, ಕೋಣೆಗಳನ್ನೂ ಬೆಚ್ಚಗಿಡುತ್ತೆ. ಹೊರಗೆ ಮಂಜು, ಮನೆಯಲ್ಲಿ ಎರಡು ವರ್ಷದ ಮಗು. ಫೋನ್ ಮಾಡಿದ ಮರುದಿನ ಬೆಳಿಗ್ಗೆ ಫಿಟ್ಟರ್ ಬಂದ. ಒಳಗೆ ಕಾಲಿಡುವ ಮೊದಲೇ ಕೊರಳಿನ ಕಾರ್ಡ್ ತೆಗೆದು ಕೈಗೆ ಕೊಟ್ಟ. ಮುಂದೆ ಫೋಟೊ, ಲೈಸೆನ್ಸ್ ನಂಬರು, ಅವಧಿ ಮುಗಿಯುವ ತಾರೀಖು. ಹಿಂದೆಯೂ ನೋಡಿ ಅಂದ. ಯಾವ್ಯಾವ ಗ್ಯಾಸ್ ಕೆಲಸಕ್ಕೆ ಅವನು ಅರ್ಹ ಅಂತ ಅಲ್ಲಿ ಪಟ್ಟಿ ಇತ್ತು. ಒಲೆ ಕೂಡಿಸಲು ಮಾತ್ರ ಅರ್ಹತೆ ಇದ್ದವನು ಬಾಯ್ಲರ್ ಮುಟ್ಟುವ ಹಾಗಿಲ್ಲ.

ಮುಕ್ಕಾಲು ಗಂಟೆಯಲ್ಲಿ ವಾಲ್ವ್ ಬದಲಿಸಿದ. ಕೆಲಸ ಆಯ್ತು ಅಂದುಕೊಂಡು ನಾನು ದುಡ್ಡು ಕೊಡಲು ಎದ್ದೆ. ಅವನು ಮಾತ್ರ ಚೀಲದಿಂದ ಯು ಆಕಾರದ ಒಂದು ಕೊಳವೆ ತೆಗೆದ. ಒಳಗೆ ನೀರು, ಪಕ್ಕದಲ್ಲಿ ಅಳತೆಪಟ್ಟಿ. ಅದನ್ನು ರಬ್ಬರ್ ನಳಿಕೆಯಿಂದ ಮೀಟರ್‌ಗೆ ಸಿಕ್ಕಿಸಿ, ಗ್ಯಾಸನ್ನು ನಿಧಾನಕ್ಕೆ 20 ಮಿಲಿಬಾರ್ ಒತ್ತಡದವರೆಗೆ ಬಿಟ್ಟು ಮುಚ್ಚಿದ. ಒಂದು ಕಡೆ ನೀರು ಇಳಿದು ಇನ್ನೊಂದು ಕಡೆ ಏರಿತು, ಎರಡರ ನಡುವೆ ಹೆಚ್ಚುಕಮ್ಮಿ ಒಂದು ಗೇಣು. ಒಂದು ನಿಮಿಷ ಅದು ನೆಲೆಯಾಗಲು ಬಿಟ್ಟ. ಆಮೇಲೆ ಗಡಿಯಾರ ಹಿಡಿದು ಎರಡು ನಿಮಿಷ ಕುಕ್ಕರಗಾಲಲ್ಲಿ ಕೂತು ಆ ನೀರನ್ನೇ ನೋಡಿದ. ಮಾತಿಲ್ಲ, ಫೋನ್ ಇಲ್ಲ. ಎಲ್ಲಾದರೂ ಸೋರುತ್ತಿದ್ದರೆ ನೀರಿನ ಮಟ್ಟ ಜಾರುತ್ತೆ. ಜಾರಲಿಲ್ಲ. ಬಾಯ್ಲರ್ ಹೊತ್ತಿಸಿ, ಹೊಗೆಯನ್ನೂ ಯಂತ್ರದಲ್ಲಿ ಅಳೆದು, ಅಂಕಿ ಬರೆದು, ಸಹಿ ಹಾಕಿ ಒಂದು ಪ್ರತಿ ನನಗೆ ಕೊಟ್ಟ. ಇದಕ್ಕೆಲ್ಲ ಹಿಡಿದದ್ದು ಹತ್ತು ನಿಮಿಷ.

ಈ ಶಿಸ್ತಿಗೆ ಇಲ್ಲಿನವರು ಪ್ರಾಣ ತೆತ್ತಿದ್ದಾರೆ. 1968ರ ಮೇ 16ರ ಬೆಳಗಿನ ಜಾವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದಲ್ಲಿ ಒಬ್ಬ ಹೆಂಗಸು ಚಹಾಕ್ಕೆಂದು ಕಡ್ಡಿ ಗೀರಿದರು. ಸೋರಿ ನಿಂತಿದ್ದ ಗ್ಯಾಸ್ ಸಿಡಿದು ಕಟ್ಟಡದ ಒಂದು ಮೂಲೆ ಮೇಲಿಂದ ಕೆಳಗೆ ಕುಸಿಯಿತು. ನಾಲ್ವರು ಸತ್ತರು. ತನಿಖೆಯಲ್ಲಿ ಕೈಗೆ ಸಿಕ್ಕಿದ್ದು ಒಲೆಯ ಜೋಡಣೆಯಲ್ಲಿದ್ದ ಒಂದು ಕಳಪೆ ಹಿತ್ತಾಳೆ ನಟ್ಟು, ಒಡೆದು ಹೋಗಿತ್ತು. 1970ರಲ್ಲಿ ಗ್ಯಾಸ್ ಫಿಟ್ಟರ್‌ಗಳ ನೋಂದಣಿ ಶುರುವಾಯಿತು. 2009ರ ಏಪ್ರಿಲ್‌ನಿಂದ ಗ್ಯಾಸ್ ಸೇಫ್ ರಿಜಿಸ್ಟರ್ ಆ ಕೆಲಸ ನೋಡುತ್ತಿದೆ. ಬಾಡಿಗೆ ಮನೆಯಾದರೆ ಮಾಲೀಕ ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸಲೇಬೇಕು.

ಇಲ್ಲಿ ಕಳಪೆ ಕೆಲಸ ಇಲ್ಲ ಅಂತಲ್ಲ. ನೀರಿನ ಪ್ಲಂಬಿಂಗ್‌ಗೆ ಇಂಥ ಕಡ್ಡಾಯ ಲೈಸೆನ್ಸ್ ಇಲ್ಲ, ಯಾರು ಬೇಕಾದರೂ ಪ್ಲಂಬರ್ ಅಂತ ಹೇಳಿಕೊಳ್ಳಬಹುದು. ನಮ್ಮ ಮೊದಲ ಬಾಡಿಗೆ ಮನೆಯ ಶವರ್ ಪೈಪಿಗೆ ಇಳಿಜಾರೇ ಕೊಟ್ಟಿರಲಿಲ್ಲ. ಸೋರುವಲ್ಲೆಲ್ಲ ಸಿಲಿಕಾನ್ ಮೆತ್ತಿದ್ದರು, ಕೆಳಗಿನ ಛಾವಣಿ ನೆನೆದು ಉಬ್ಬಿತ್ತು. ಅದೇ ಮನೆಯ ಗ್ಯಾಸ್ ಪೈಪು ಮಾತ್ರ ಗುಂಡು ಹಾಕಿ ಗೆರೆ ಎಳೆದ ಹಾಗಿತ್ತು.

ಆ ಫಿಟ್ಟರ್ ಕುಕ್ಕರಗಾಲಲ್ಲಿ ಕೂತಿದ್ದು ನೋಡಿ ನನಗೆ ನೆನಪಾದವರು ದಾವಣಗೆರೆಯ ನಮ್ಮ ನಿಟುವಳ್ಳಿಯ ನಲ್ಲಿ ಅಜ್ಜ. ಓಣಿಯ ಮಕ್ಕಳೆಲ್ಲ ಅವರನ್ನು ಹಾಗೇ ಕರೀತಿದ್ವಿ. ಸತು ಲೇಪಿಸಿದ ಕಬ್ಬಿಣದ ಜಿಐ ಪೈಪಿನ ತಿರುಪಿನ ಮರೆಗೆ ಸೆಣಬಿನ ಎಳೆ ಸುತ್ತಿ, ಬಣ್ಣ ಸವರಿ, ಪಾನದಿಂದ ಬಿಗಿಯುತ್ತಿದ್ದರು. ಆಮೇಲೆ ಪೈಪಿನ ಸುತ್ತ ಒಣಬಟ್ಟೆ ಕಟ್ಟಿ, ನೀರು ಬಿಟ್ಟು, ಕಟ್ಟೆ ಮೇಲೆ ಬೀಡಿ ಹಚ್ಚಿ ಕೂರುತ್ತಿದ್ದರು. ಬಟ್ಟೆ ಒದ್ದೆ ಆಗದಿದ್ದರೆ ಮಾತ್ರ ದುಡ್ಡು. ಅವರಿಗೆ ಯಾರೂ ಕಾರ್ಡ್ ಕೊಟ್ಟಿರಲಿಲ್ಲ.

ಈ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಅಪ್ಪಾಜಿ ಹೊಸದಾಗಿ ಕಟ್ಟಿಸಿದ ಬಚ್ಚಲು ತೋರಿಸಿದರು. ಹೊಳೆಯುವ ಟೈಲ್ಸು, ಒಳ್ಳೇ ನಲ್ಲಿಗಳು. ಒಂದು ಮೂಲೆಯಲ್ಲಿ ಗೋಡೆ ತಂಪಾಗಿತ್ತು, ಟೈಲ್ಸಿನ ಸಂದಿಯಲ್ಲಿ ಬಿಳಿ ಉಪ್ಪು ಕೂತಿತ್ತು. ಒಡೆಸಿ ನೋಡಿದರೆ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪನ್ನು ಓರೆಯಾಗಿ ಕತ್ತರಿಸಿ, ಅಂಚಿನ ಜುಂಗು ಕೂಡ ಕೆರೆಯದೆ ಸಾಲ್ವೆಂಟ್ ಅಂಟು ಹಚ್ಚಿ, ತಿರುವಿನ ಜೋಡಣೆಯಾದ ಎಲ್ಬೋದೊಳಗೆ ಅರ್ಧಕ್ಕೆ ತುರುಕಿದ್ದರು. ಟೈಲ್ಸ್ ಹಾಕುವ ಮೊದಲು ಪೈಪಿಗೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಕೊಟ್ಟು ಒಂದು ರಾತ್ರಿ ಬಿಟ್ಟಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಭದ್ರಾ ನಾಲೆಯಿಂದ ಕುಂದುವಾಡ ಕೆರೆಗೆ ಬಂದು, ಅಲ್ಲಿಂದ ಮನೆಯ ಸಂಪ್ ತೊಟ್ಟಿಗೆ ಬರುವ ನೀರನ್ನು ಅಮ್ಮ ತಂಬಿಗೆ ಲೆಕ್ಕದಲ್ಲಿ ಬಳಸುತ್ತಾಳೆ. ಅದೇ ನೀರು ತಿಂಗಳುಗಟ್ಟಲೆ ಗೋಡೆಯೊಳಗೆ ಹರಿದಿದೆ.

ಅದು ಬರೀ ನೀರು. ನನ್ನ ಎದೆ ಧಸಕ್ ಅಂದಿದ್ದು ತಲೆ ಎತ್ತಿ ನೋಡಿದಾಗ. ನಾಲ್ಕು ಅಡಿ ಅಗಲ, ಏಳು ಅಡಿ ಉದ್ದದ ಆ ಬಚ್ಚಲೊಳಗೇ ಗ್ಯಾಸ್ ಗೀಸರ್ ಕೂಡಿಸಿದ್ದರು. ಸೊಳ್ಳೆ ಬರುತ್ತೆ ಅಂತ ಕಿಟಕಿಗೆ ರಟ್ಟು ಹೊಡೆದಿತ್ತು. ಮುಚ್ಚಿದ ಜಾಗದಲ್ಲಿ ಉರಿ ಗಾಳಿಯನ್ನು ತಿನ್ನುತ್ತೆ. ಗಾಳಿ ಸಾಲದಾದಾಗ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಸಿಲಿಂಡರ್ ಗ್ಯಾಸಿಗೆ ಸೋರಿದರೆ ತಿಳಿಯಲೆಂದೇ ವಾಸನೆ ಬೆರೆಸಿರುತ್ತಾರೆ, ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತೆ. ತಲೆ ಸುತ್ತುತ್ತೆ, ಕಾಲು ಸೋಲುತ್ತೆ, ಚಿಲಕ ಒಳಗಿನಿಂದ ಹಾಕಿರುತ್ತೆ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನುವ ಸುದ್ದಿಯನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ ನಾವು?

"ಎರಡು ಸಲ ತಲಿ ಗಿರ್ ಅಂದಿತ್ತಪ್ಪ, ಬಿಪಿ ಇರಬೇಕು ಅಂದ್ಕಂಡೆ," ಅಂದಳು ಅಮ್ಮ.

ಅವತ್ತೇ ಗೀಸರ್ ಬಂದ್ ಮಾಡಿಸಿದೆ. ಈ ಸಲ ನಾವು ಕರೆಸಿದ್ದು ಇಪ್ಪತ್ತೈದರ ಒಳಗಿನ ಒಬ್ಬ ಹುಡುಗನನ್ನು. ಗೀಸರ್ ಮತ್ತು ಸಿಲಿಂಡರ್ ಎರಡನ್ನೂ ಹಿತ್ತಲಿನ ಬಯಲಿಗೆ ಹಾಕಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತಂದ. ಕಿಟಕಿಯ ರಟ್ಟು ಕಿತ್ತು ಸೊಳ್ಳೆ ಜಾಲರಿ ಬಡಿಸಿದೆವು. ಹುಡುಗನ ಕೈ ಬಲು ಚುರುಕು, ಕತ್ತರಿಸಿದ ಪೈಪಿನ ಬಾಯಿ ನಾಣ್ಯದಷ್ಟು ನೇರ. ಮುಗಿಸಿ ಪಾನಗಳನ್ನು ಚೀಲಕ್ಕೆ ಹಾಕುತ್ತಿದ್ದಾಗ, ಸೋಪಿನ ನೀರಲ್ಲಿ ನೋಡೋಣ ಅಂದೆ. ಮುಖ ಸಣ್ಣದು ಮಾಡಿಕೊಂಡ. "ಯಾರೂ ಕೇಳಲ್ಲ ಸರ್. ಇನ್ನೂ ಎರಡು ಮನೆ ಅದಾವು."

ಅವನ ಮಾತು ನಿಜ. ಹತ್ತು ನಿಮಿಷ ಕಾದದ್ದಕ್ಕೆ ಅವನಿಗೆ ನಾವ್ಯಾರೂ ದುಡ್ಡು ಕೊಟ್ಟಿಲ್ಲ. ಚೌಕಾಸಿ ಮಾಡಿ, ಬೇಗ ಮುಗಿಸಪ್ಪ ಅಂತ ಅವಸರ ಮಾಡಿದ್ದೇವೆ. ಅದಕ್ಕೂ ಸೇರಿಸಿ ಕೂಲಿ ಹೇಳು ಅಂದೆ. ಅಪ್ಪಾಜಿ ಕುರ್ಚಿ ಎಳೆದು, "ಕುಂದ್ರಪ್ಪ, ಚಾ ಕುಡದು ಹೋಗುವಂತಿ," ಅಂದರು. ಹುಡುಗ ಡಬ್ಬಿಯಲ್ಲಿ ನೊರೆ ಕಲಸಿ ರೆಗ್ಯುಲೇಟರ್, ರಬ್ಬರ್ ಪೈಪಿನ ಎರಡು ತುದಿ, ಗೀಸರಿನ ನಟ್ಟು, ಎಲ್ಲಕ್ಕೂ ಸವರಿದ. ನಟ್ಟಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ಒಡೆಯಿತು. ಮತ್ತೆ ಎದ್ದಿತು. ಹುಡುಗ ನನ್ನ ಮುಖ ನೋಡಿದ, ಚಹಾ ಲೋಟ ಕೆಳಗಿಟ್ಟು ಪಾನ ಹೊರಗೆ ತೆಗೆದ.