ಲೀಡ್ ಆಫ್ ಬರಲಿಲ್ಲ, ಅಸಿಸ್ಟೋಲ್ ಬಂತು

ಡೆಮೊ ದಿನ, ಎದೆಗೆ ಅಂಟಿಸಿ ಹೃದಯದ ಬಡಿತ ನೋಡುವ ಆ ವೈರ್‌ಲೆಸ್ ಇಸಿಜಿ ಪ್ಯಾಚ್ ಚೆನ್ನಾಗಿಯೇ ಕೆಲಸ ಮಾಡಿತ್ತು. ಕಾನ್ಫರೆನ್ಸ್ ಹಾಲ್, ತಣ್ಣನೆಯ ಎಸಿ, ಕಂಪನಿ ಹುಡುಗನ ಎದೆ. ಟ್ಯಾಬ್ ಮೇಲೆ ಬಡಿತದ ಅಲೆಗಳಾದ ಪಿ, ಕ್ಯೂಆರ್‌ಎಸ್, ಟಿ ಎಲ್ಲ ಪುಸ್ತಕದಲ್ಲಿ ಬರೆದ ಹಾಗೆ. ಮ್ಯಾನೇಜ್‌ಮೆಂಟಿನವರು ಅಲ್ಲೇ ಒಪ್ಪಿಬಿಟ್ಟರು. ವಾರ್ಡಿನ ಒಬ್ಬ ಸಿಸ್ಟರನ್ನೂ ಆ ಹಾಲಿಗೆ ಕರೆದಿರಲಿಲ್ಲ.

ಐಸಿಯುನಿಂದ ಹೊರಬಂದವರನ್ನು ಇಡುವ ನಮ್ಮ ಸ್ಟೆಪ್‌ಡೌನ್ ವಾರ್ಡಿನಲ್ಲಿ ಎಸಿ ಇಲ್ಲ. ಇದು ವಿಜಯಪುರ. ಮೇನಲ್ಲಿ 40 ಡಿಗ್ರಿ ದಾಟಿದರೆ ಇಲ್ಲಿ ಯಾರಿಗೂ ಅದು ಸುದ್ದಿಯಲ್ಲ.

ಅವತ್ತು ಮಧ್ಯಾಹ್ನ ನಾನು ಬಿಪಿ ನೋಡುವ ಕಫ್‌ನ ಲೀಕ್ ನೋಡುತ್ತಾ, ಎಲ್ಲ ಮಾನಿಟರ್‌ಗಳು ಒಂದೇ ಕಡೆ ಕಾಣುವ ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲೇ ಇದ್ದೆ. ಕರೆಂಟ್ ಹೋಗಿ ಜನರೇಟರ್ ಬಂದಿತ್ತು, ಆದರೆ ಫ್ಯಾನ್ ಲೈನ್ ಅದರ ಮೇಲೆ ಇರಲಿಲ್ಲ. ಕೆಂಪು ಅಲಾರ್ಮ್ ಹೊಡೆಯಿತು. ಅಸಿಸ್ಟೋಲ್, ಅಂದರೆ ಹೃದಯದ ಬಡಿತವೇ ನಿಂತಿದೆ. ಟ್ರಯಲ್‌ಗೆ ಪ್ಯಾಚ್ ಹಾಕಿದ್ದ ಇಂಡಿ ಕಡೆಯ ಅಜ್ಜ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಮೈ ಅಲುಗಾಡುತ್ತಿರಲಿಲ್ಲ. ಸಿಸ್ಟರ್ ಕ್ರ್ಯಾಶ್ ಕಾರ್ಟ್ ಎಳೆದುಕೊಂಡು ಓಡಿದರು, ಹಿಂದೆಯೇ ಡ್ಯೂಟಿ ಡಾಕ್ಟರ್. ಅವರ ಬೆರಳು ಅಜ್ಜನ ಕುತ್ತಿಗೆ ಮುಟ್ಟುವವರೆಗೆ ನನ್ನ ಉಸಿರು ಬಿಗಿಹಿಡಿದೇ ಇತ್ತು. ಪಲ್ಸ್ ಸಿಕ್ಕಿತು. ಅಜ್ಜ ಬೆಚ್ಚಿ ಎದ್ದು, "ಏನಾತ್ರೀ? ನೀರ ಕೊಡ್ರಿ" ಅಂದರು. ಪಕ್ಕದ ಮಂಚದ ಹೆಂಗಸರು ಅಳೋಕೆ ಶುರು ಮಾಡಿದ್ದರು.

ನನ್ನ ಅನುಮಾನ ಪ್ಯಾಚ್‌ನ ಸಿಗ್ನಲ್ ಹಿಡಿದು ಮುಂದೆ ಕಳಿಸುವ ಗೇಟ್‌ವೇ ಮೇಲೆ ಹೋಯಿತು. ಅದನ್ನು ಬದಲಾಯಿಸಿದೆ. ಅಷ್ಟರಲ್ಲಿ ಮತ್ತೆ ಅಲಾರ್ಮ್. ಈ ಸಲ ಸಿಸ್ಟರ್ ಓಡಲಿಲ್ಲ, ನಡೆದು ಹೋದರು. ಆಮೇಲೆ ಹೊಡೆದಾಗ ಕುಂತಲ್ಲೇ ಮ್ಯೂಟ್ ಒತ್ತಿದರು. ನನಗೆ ಇವತ್ತಿಗೂ ಚುಚ್ಚುವುದು ಆ ಮ್ಯೂಟ್. ಅವರ ತಪ್ಪಲ್ಲ. ಸುಳ್ಳು ಹೇಳುವ ಮಷಿನನ್ನು ಯಾರಾದರೂ ಎಷ್ಟು ಸಲ ನಂಬುತ್ತಾರೆ? ಆದರೆ ಮುಂದಿನ ಸಲ ಅದು ನಿಜವಾಗಿದ್ದರೆ?

ಪ್ಯಾಚ್ ಕಿತ್ತು ತಿರುಗಿಸಿದಾಗ ಕಾರಣ ಕಣ್ಣಿಗೆ ಬಿತ್ತು. ಒಳಗೆಲ್ಲ ಒದ್ದೆ. ಅಂಟಿನ ಪದರ ಬೆಳ್ಳಗೆ ಉಬ್ಬಿತ್ತು. ಎರಡು ಜೆಲ್ ಎಲೆಕ್ಟ್ರೋಡ್‌ಗಳ ನಡುವೆ ಬೆವರು ಸೇತುವೆ ಕಟ್ಟಿತ್ತು. ಎದೆಯ ಚರ್ಮದ ಮೇಲೆ ನಮಗೆ ಹೃದಯದ ಸಿಗ್ನಲ್ ಸಿಗುವುದೇ ಸುಮಾರು 1 ಮಿಲಿವೋಲ್ಟ್. ಪ್ಯಾಚ್‌ನಲ್ಲಿ ಎಲೆಕ್ಟ್ರೋಡ್‌ಗಳು ಹತ್ತಿರ ಇರುವುದರಿಂದ ಅದಕ್ಕಿಂತ ಕಡಿಮೆ. ಉಪ್ಪುನೀರು ಎರಡನ್ನೂ ಶಾರ್ಟ್ ಮಾಡಿದರೆ ಉಳಿಯುವುದೇನು?

ಎಲೆಕ್ಟ್ರೋಡ್ ಕಿತ್ತುಬಂದಿದೆ ಅನ್ನುವ ಎಚ್ಚರಿಕೆ, ಲೀಡ್ ಆಫ್, ಯಾಕೆ ಬರಲಿಲ್ಲ ಅಂದರೆ, ಅದು ಸಣ್ಣ ಕರೆಂಟ್ ಹರಿಸಿ ಇಂಪೀಡೆನ್ಸ್ (ಕರೆಂಟಿಗೆ ಇರುವ ಅಡ್ಡಿ) ನೋಡುತ್ತದೆ. ಎಲೆಕ್ಟ್ರೋಡ್ ಎದ್ದರೆ ಇಂಪೀಡೆನ್ಸ್ ಏರುತ್ತದೆ, ಆಗ ಕೂಗುತ್ತದೆ. ಬೆವರಿನಿಂದ ಇಂಪೀಡೆನ್ಸ್ ಇಳಿದಿತ್ತು. ಮಷಿನ್ ಲೆಕ್ಕದಲ್ಲಿ ಕಾಂಟ್ಯಾಕ್ಟ್ ಪಕ್ಕಾ, ಬಡಿತ ಮಾತ್ರ ಇಲ್ಲ. ಅಂದಮೇಲೆ ಅಸಿಸ್ಟೋಲ್ ಅಲ್ವಾ?

ವರ್ಕ್‌ಶಾಪಿನಲ್ಲಿ ಹೊಸ ಪ್ಯಾಚ್ ನನ್ನ ಎದೆಗೇ ಹಾಕಿಕೊಂಡೆ, ಎರಡು ಜೆಲ್ ನಡುವೆ ಸಲೈನ್‌ನಲ್ಲಿ ನೆನೆಸಿದ ಗಾಜ್ ಪಟ್ಟಿ ಇಟ್ಟು. ಕ್ಯೂಆರ್‌ಎಸ್ ಕುಗ್ಗಿತು. ಲೀಡ್ ಆಫ್ ಸುಮ್ಮನೇ ಇತ್ತು. ಅಜ್ಜನ ರೆಕಾರ್ಡ್ ತೆಗೆದು ನೋಡಿದರೆ ಅಲ್ಲೂ ಅದೇ: ಕರೆಂಟ್ ಹೋದಾಗಿನಿಂದ ಅಲೆಯ ಎತ್ತರ ನಿಧಾನವಾಗಿ ಇಳಿಯುತ್ತಾ ಬಂದಿತ್ತು. ನಿಂತುಹೋಗುವ ಹಾರ್ಟ್ ಹೀಗೆ ಒಂದೇ ಲಯದಲ್ಲಿ ಬಡಿಯುತ್ತಾ ಬರೀ ಎತ್ತರ ಕಳೆದುಕೊಳ್ಳುವುದಿಲ್ಲ. ಅಲ್ಗಾರಿದಮ್ ಇದನ್ನು ನೋಡಲೇಬೇಕಿತ್ತು.

ಬೆರಳಿಗೆ ರಕ್ತದ ಆಕ್ಸಿಜನ್ ನೋಡುವ ಎಸ್‌ಪಿಓ2 ಪ್ರೋಬ್ ಇದ್ದಿದ್ದರೆ ಈ ಗಲಾಟೆಯೇ ಇರುತ್ತಿರಲಿಲ್ಲ. ಅದು 660 ಮತ್ತು 940 ನ್ಯಾನೋಮೀಟರ್ ಬೆಳಕಿನಲ್ಲಿ ರಕ್ತದ ಮಿಡಿತ ನೋಡುತ್ತದೆ. ಜಪಾನಿನ ತಕುವೊ ಅಯೊಯಾಗಿ 1974ರಲ್ಲಿ ಮುಂದಿಟ್ಟ ಉಪಾಯ. ಎದೆಯ ಬೆವರಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಸಿಜಿ ಸಪಾಟಾಗಿ ಪ್ಲೆತ್ (ಪ್ರೋಬ್ ತೋರಿಸುವ ಮಿಡಿತದ ಅಲೆ) ಕುಣಿಯುತ್ತಿದ್ದರೆ ತಪ್ಪು ಯಾವುದರದ್ದು ಅಂತ ಸಿಸ್ಟರ್‌ಗೆ ಕೂಡಲೇ ಗೊತ್ತಾಗುತ್ತದೆ. "ವೈರ್ ಇರಬಾರದು ಅಂತಾನೇ ಪ್ಯಾಚ್ ತಂದಿದ್ದು, ಮತ್ತೆ ಪ್ರೋಬ್ ಯಾಕೆ?" ಅಂತ ಮೇಲಿನವರು ಕೇಳಿದರು. ಆ ಅಜ್ಜನ ಮಂಚದ ಪಕ್ಕ ನಿಂತು ಕೇಳಿದ್ದರೆ ಚೆನ್ನಾಗಿತ್ತು.

ಎತ್ತರ ಇಳಿಯುತ್ತಿರುವಾಗಲೇ "ಪ್ಯಾಚ್ ನೋಡಿ" ಅನ್ನುವ ಹಳದಿ ಅಲಾರ್ಮ್ ಕೊಡಿ ಅಂತ ಕಂಪನಿಗೆ ರೆಕಾರ್ಡ್ ಸಮೇತ ಬರೆದಿದ್ದೇನೆ. ಮುಂದಿನ ವರ್ಷನ್‌ನಲ್ಲಿ ಮಾಡುತ್ತೇವೆ ಅಂದಿದ್ದಾರೆ. ಅಲ್ಲಿಯವರೆಗೆ ಪ್ರೋಬ್ ಇಲ್ಲದ ಪೇಷಂಟ್‌ಗೆ ಈ ಪ್ಯಾಚ್ ಹಾಕುವಂತಿಲ್ಲ ಅಂತ ವಾರ್ಡಿಗೆ ಬರೆದುಕೊಟ್ಟೆ. ಇನ್ನು ಯಾವ ಸೆನ್ಸರ್ ಬಂದರೂ ಡೆಮೊ ವಾರ್ಡಿನಲ್ಲೇ, ಬೇಸಿಗೆ ಮಧ್ಯಾಹ್ನವೇ, ಸಿಸ್ಟರ್‌ಗಳ ಎದುರೇ ಆಗಬೇಕು ಅಂತ ಖರೀದಿ ಫಾರ್ಮ್‌ಗೆ ಒಂದು ಸಾಲು ಸೇರಿಸಲು ಕೇಳಿದ್ದೇನೆ. ಆ ಫೈಲ್ ಇನ್ನೂ ಮೇಲಿನ ಮಹಡಿಯಲ್ಲೇ ಇದೆ.